ಮಗು ಬಾಯಿ ಬಿಟ್ಟು ಹೇಳಿದಾಗ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಬೀಜೋಪಚಾರ, ಗೊಬ್ಬರದ ಗುಂಡಿ, ಔಷಧಿ ಹೊಡೆಯುವ ಹೊತ್ತು ಇಂಥ ವಿಷಯಗಳನ್ನು. ಈ ತಿಂಗಳು ಅವನ್ನೆಲ್ಲ ಬದಿಗಿಟ್ಟು ನಿಮ್ಮೂರಿನ ಅಂಗನವಾಡಿಯ ಬಗೆಗೆ, ಅಲ್ಲಿ ಒಂದು ಮಗು ಎಂದಾದರೊಂದು ದಿನ ಹೇಳಿಬಿಡಬಹುದಾದ ಮಾತಿನ ಬಗೆಗೆ ಬರೆಯುತ್ತಿದ್ದೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಇದು ನನ್ನ ವಿದ್ಯೆಯಲ್ಲ. ಆದರೂ ಬರೆಯುವುದಕ್ಕೆ ಕಾರಣವಿದೆ.

ಮೂರು ವರ್ಷದ ಹಿಂದಿನ ಸಂಗತಿ. ಯಾವ ಊರು, ಯಾರ ಮಗು ಎಂಬುದನ್ನು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿಯೂ ಇದ್ದೇನೆ. ಭತ್ತದ ಬಿತ್ತನೆ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆಯುವುದನ್ನು ತೋರಿಸಲು ಹೋಗಿದ್ದೆ. ಮಳೆ ಹನಿಯತೊಡಗಿದ್ದರಿಂದ ಅಂಗನವಾಡಿಯ ಜಗಲಿಯ ಮೇಲೆಯೇ ಬಕೆಟ್ಟು ಇಟ್ಟುಕೊಂಡೆವು. ಹತ್ತು ಹನ್ನೆರಡು ಮಂದಿ ರೈತರು ಸುತ್ತ ನಿಂತಿದ್ದರು. ತಂಗಿಯನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಎರಡನೇ ತರಗತಿಯ ಹುಡುಗನೊಬ್ಬ ನನ್ನ ಪಕ್ಕದಲ್ಲಿ ಕೂತು, ತೇಲಿದ ಜೊಳ್ಳನ್ನು ಕೈಯಿಂದ ಬಾಚಿ ತೆಗೆಯುತ್ತಿದ್ದ. ನಡುವೆ ಮೆಲ್ಲಗೆ, "ಸಾರ್, ನಾನು ಸಾಯಂಕಾಲ ಪಂಪ್‌ಸೆಟ್ ಮನೆಗೆ ಹೋಗಲ್ಲ. ನೀವು ಅವ್ರಿಗೆ ಹೇಳಿ" ಎಂದ. ನಾನು ನಕ್ಕು, "ಯಾಕೋ, ಅಲ್ಲೇನು ದೆವ್ವ ಐತಾ?" ಎಂದೆ. ನಿಂತವರೆಲ್ಲ ನಕ್ಕರು. ಹುಡುಗ ಕೈಯನ್ನು ನೀರಿನಲ್ಲೇ ಇಟ್ಟುಕೊಂಡು ಸುಮ್ಮನಾದ. ಅವನು ಮತ್ತೆ ನನ್ನೊಡನೆ ಆ ಮಾತು ಎತ್ತಲಿಲ್ಲ.

ಒಳಗಿನಿಂದ ಇದನ್ನು ಕೇಳಿಸಿಕೊಂಡ ಅಂಗನವಾಡಿ ಟೀಚರಮ್ಮ ನಗಲಿಲ್ಲ. ಆಗಲೇ ಅವನನ್ನು ಕರೆದು ಕೇಳಲೂ ಇಲ್ಲ. ಮರುದಿನ ಅವನು ತಂಗಿಗಾಗಿ ಬಂದಾಗ ಮೊರದಲ್ಲಿ ಹೆಸರುಕಾಳು ಹಾಕಿಕೊಟ್ಟು, ಕಲ್ಲು ಆರಿಸಲು ಪಕ್ಕದಲ್ಲಿ ಕೂರಿಸಿಕೊಂಡರು. "ನೆನ್ನೆ ಪಂಪ್‌ಸೆಟ್ ಮನೆ ವಿಷಯ ಅಂದ್ಯಲ್ಲ ಮಗಾ, ಅದನ್ನ ಹೇಳ್ಬೇಕು ಅನ್ನಿಸಿದ್ರೆ ನಾನು ಕೇಳ್ತೀನಿ" ಎಂದಷ್ಟೇ ಹೇಳಿ ತಮ್ಮ ಕೆಲಸ ನೋಡಿಕೊಂಡರು. ಅಂದು ಅವನು ಏನೂ ಹೇಳಲಿಲ್ಲ. ಅದರ ಮಾರನೆಯ ದಿನ ಹೇಳಿದ. ಊರಿಗೆ ಬೇಕಾದ, ಅವರ ಮನೆಗೂ ಬೇಕಾದ ಒಬ್ಬ ದೊಡ್ಡ ಮನುಷ್ಯ ಆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದ.

ಇಂಥ ಮಾತು ಮೊದಲು ಬೀಳುವುದು ಅಂಗನವಾಡಿಯ ತಾಯಿಯ ಕಿವಿಗೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ನಾವು ಬೆಳಗ್ಗೆ ಹೊಲಕ್ಕಿಳಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಹಗಲೆಲ್ಲ ಚಿಕ್ಕ ಮಗುವನ್ನು ನೋಡಿಕೊಳ್ಳುವವರು, ಅನ್ನ ಕಲಸಿಕೊಡುವವರು, ಚಡ್ಡಿ ಬದಲಿಸುವವರು ಅವರೇ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಈ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದ ಟಿ. ನರಸೀಪುರ ಅವುಗಳಲ್ಲಿ ಒಂದಾಗಿತ್ತು. ಈಗ ಅಂಗನವಾಡಿಯಿಲ್ಲದ ಊರು ಅಪರೂಪ. 2023ರಿಂದೀಚೆಗೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳೂ ತೆರೆದಿವೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರೂ ನಮ್ಮೂರ ಹೆಣ್ಣುಮಕ್ಕಳೇ.

'ನಮ್ಮ ಹಳ್ಳಿಯಲ್ಲಿ ಅಂಥದ್ದೆಲ್ಲ ಇಲ್ಲ' ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಒಂದು ವರದಿ ಹೊರತಂದಿತು. ನೂರಕ್ಕೆ 53 ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯ ತಮ್ಮ ಮೇಲೆ ನಡೆದಿದೆಯೆಂದು ಅದರಲ್ಲಿ ಹೇಳಿದ್ದರು. ಗಂಡು ಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಯದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಪರವೂರಿನ ಅಪರಿಚಿತನ ಭಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮನೆಗೆ ಬಂದು ಹೋಗುವವನ ವಿಚಾರವನ್ನು ಹೇಳಿಕೊಡುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮಗು ಹೇಳಿಕೊಂಡಾಗ ಕೇಳಿದವರು ಮಾಡತಕ್ಕದ್ದು ಏನು?

ಮೊದಲನೆಯದು, ಮುಖ. ಮಗು ನಮ್ಮ ಮಾತಿಗಿಂತ ಮೊದಲು ನಮ್ಮ ಮುಖವನ್ನು ಓದುತ್ತದೆ. ಕೇಳಿದವರು 'ಅಯ್ಯಯ್ಯೋ' ಎಂದು ಹೌಹಾರಿದರೆ, ಸಿಟ್ಟಿನಿಂದ ಹಲ್ಲು ಕಡಿದರೆ, ಅತ್ತರೆ, ತಾನು ಏನೋ ದೊಡ್ಡ ತಪ್ಪು ಮಾಡಿದೆನೆಂದು ಅದು ತಿಳಿದು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ನಕ್ಕರೆ ಏನಾಗುತ್ತದೆ ಎಂಬುದನ್ನು ನಾನೇ ನೋಡಿದ್ದೇನೆ. ಆದಕಾರಣ ಮನಸ್ಸಿನಲ್ಲಿ ಏನಿದ್ದರೂ ಮುಖ ಶಾಂತವಾಗಿರಬೇಕು. ಮಗುವಿನ ಎತ್ತರಕ್ಕೆ ಕೂತು, ಇತರರ ಕಿವಿಗೆ ಬೀಳದ ಆದರೆ ಮಗುವಿಗೆ ಭಯವಾಗದ ಜಾಗದಲ್ಲಿ ಕೇಳಬೇಕು. ಬಾಗಿಲು ಹಾಕಿಕೊಂಡು ಕೂರುವುದು ಬೇಡ. ಅಂಥ ಮಗುವಿಗೆ ಮುಚ್ಚಿದ ಬಾಗಿಲೇ ಹೆದರಿಕೆ.

ಎರಡನೆಯದು, ನಾವು ಆಡುವ ಮಾತು. 'ನೀನು ಹೇಳಿದ್ದು ಒಳ್ಳೆಯದಾಯಿತು', 'ಇದರಲ್ಲಿ ನಿನ್ನ ತಪ್ಪೇನೂ ಇಲ್ಲ', 'ನಾನು ನಂಬುತ್ತೇನೆ' ಈ ಮೂರು ಮಾತು ಮಗುವಿಗೆ ಬೇಕೇ ಬೇಕು. 'ಯಾಕೆ ಹೋದೆ?', 'ಯಾಕೆ ಕೂಗಲಿಲ್ಲ?', 'ಇಷ್ಟು ದಿನ ಯಾಕೆ ಹೇಳಲಿಲ್ಲ?' ಎನ್ನಕೂಡದು. 'ಯಾಕೆ' ಎಂದು ಶುರುವಾಗುವ ಪ್ರಶ್ನೆಯೆಲ್ಲ ಮಗುವಿನ ಕಿವಿಗೆ ಬೈಗುಳದಂತೆ ಕೇಳುತ್ತದೆ. 'ಸುಳ್ಳು ಹೇಳಬೇಡ, ಅವರು ಅಂಥವರಲ್ಲ' ಎಂಬ ಮಾತಂತೂ ಬಾವಿಗೆ ಕಲ್ಲು ಹೊದಿಸಿದಂತೆ.

ಮಗು 'ಯಾರಿಗೂ ಹೇಳಬೇಡಿ' ಎಂದು ಕೈ ಹಿಡಿದುಕೊಳ್ಳಬಹುದು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಸಮಾಧಾನಕ್ಕೆಂದು 'ಆಣೆ, ಹೇಳುವುದಿಲ್ಲ' ಎಂದುಬಿಡುತ್ತಾರೆ. ಆಮೇಲೆ ಹೇಳಲೇಬೇಕಾಗುತ್ತದೆ. ಒಬ್ಬ ದೊಡ್ಡವನು ನಂಬಿಕೆ ಮುರಿದ ಮಗುವಿಗೆ ಇನ್ನೊಬ್ಬ ದೊಡ್ಡವರೂ ಮಾತು ತಪ್ಪಿದಂತಾಯಿತು. ಅದರ ಬದಲು ನಿಜವನ್ನೇ ಹೇಳಬಹುದು: 'ಎಲ್ಲರಿಗೂ ಹೇಳಲ್ಲ ಮಗಾ. ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ.'

ಮೂರನೆಯದು ಪ್ರಶ್ನೆಯ ವಿಷಯ. ಮಗುವನ್ನು ವಿಚಾರಣೆ ಮಾಡುವುದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ಕೇಳಿಸಿಕೊಂಡವರ ಕೆಲಸ ಮಗು ಅಪಾಯದಲ್ಲಿದೆಯೇ ಎಂದು ತಿಳಿಯುವಷ್ಟು ಮಾತ್ರ. 'ಆಮೇಲೆ?', 'ಇನ್ನೇನಾದರೂ ಹೇಳಬೇಕಾ?' ಎಂಬಷ್ಟು ಸಾಕು. 'ಅವನು ಇಲ್ಲಿ ಮುಟ್ಟಿದನಾ? ಹೀಗೆ ಮಾಡಿದನಾ?' ಎಂದು ನಾವೇ ಉತ್ತರವನ್ನು ಬಾಯಿಗಿಡಬಾರದು. ಚಿಕ್ಕ ಮಕ್ಕಳು ದೊಡ್ಡವರನ್ನು ಮೆಚ್ಚಿಸಲು ಹೂಂ ಎನ್ನುವುದುಂಟು. ನಾಳೆ ಕೋರ್ಟಿನಲ್ಲಿ 'ಟೀಚರು ಹೇಳಿಕೊಟ್ಟ ಮಾತು' ಎಂದು ವಕೀಲರು ವಾದಿಸಲು ಅದೇ ಸಾಕಾಗುತ್ತದೆ. ಗಾಯ ಇದೆಯೇ ನೋಡೋಣವೆಂದು ಬಟ್ಟೆ ಬಿಚ್ಚಿಸಲೂ ಬಾರದು. ಅದನ್ನು ವೈದ್ಯರು ನೋಡುತ್ತಾರೆ. ಒಮ್ಮೆ ಹೇಳಿದ ಮಗುವನ್ನು ಸಹಾಯಕಿಯ ಮುಂದೆ, ಆಶಾ ಮುಂದೆ, ಪಂಚಾಯಿತಿ ಸದಸ್ಯರ ಮುಂದೆ ಮತ್ತೆ ಮತ್ತೆ ಹೇಳಿಸುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ.

ಮಗು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುತ್ತದೆಂದು ತಿಳಿಯಬೇಡಿ. ಮೊದಲು ಒಂದು ಚೂರು ಹೇಳಿ ನಮ್ಮನ್ನು ಪರೀಕ್ಷಿಸುತ್ತದೆ. ಒಂದು ವಾರ ಬಿಟ್ಟು ಮಿಕ್ಕದ್ದು. ಮನೆಯವರು ಗದರಿದರೆ 'ಇಲ್ಲ, ನಾನು ಸುಮ್ಮನೆ ಹೇಳಿದೆ' ಎಂದು ಹಿಂದೆಗೆದುಕೊಳ್ಳಲೂಬಹುದು. ಹಾಗೆ ಹಿಂದೆಗೆದುಕೊಂಡದ್ದರಿಂದ ಮೊದಲ ಮಾತು ಸುಳ್ಳೆಂದು ಆಗುವುದಿಲ್ಲ.

ಬಾಯಿ ಬಿಡದ ಮಕ್ಕಳ ವಿಷಯವನ್ನೂ ಕೆಲವರು ಕೇಳುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಒಬ್ಬರನ್ನು ಕಂಡರೆ ಮುದುಡಿಕೊಳ್ಳುವುದು, ಒಂದು ಮನೆಗೆ ಹೋಗಲು ಹಟ ಮಾಡುವುದು, ಇವು ಗಮನಿಸತಕ್ಕ ಲಕ್ಷಣಗಳು. ಆದರೆ ಭತ್ತದ ಎಲೆ ಹಳದಿಯಾದ ಮಾತ್ರಕ್ಕೆ ಸಾರಜನಕದ ಕೊರತೆಯೆಂದು ಯೂರಿಯಾ ಸುರಿಯುತ್ತೇವೆಯೇ? ನೀರು ನಿಂತಿರಬಹುದು, ಸತುವಿನ ಕೊರತೆ ಇರಬಹುದು. ಹಾಗೆಯೇ ಮಗುವಿನ ಇಂಥ ಲಕ್ಷಣಗಳಿಗೆ ಬೇರೆ ಕಾರಣಗಳೂ ಉಂಟು. ಲಕ್ಷಣ ಕಂಡಾಗ ಹತ್ತಿರ ಇರಬೇಕು, ಹೇಳಲು ಅವಕಾಶ ಕೊಡಬೇಕು. ಹೆಸರುಕಾಳಿನ ಮೊರ ಮಾಡಿದ್ದು ಅದನ್ನೇ.

ಕೇಳಿದ ಮೇಲೆ ಬರೆದಿಡಬೇಕು. ಅಂದೇ, ನೆನಪು ಹಸಿಯಾಗಿರುವಾಗಲೇ, ತಾರೀಖು, ಹೊತ್ತು, ಜಾಗ ಹಾಕಿ, ಮಗು ಯಾವ ಮಾತಿನಲ್ಲಿ ಹೇಳಿತೋ ಅದೇ ಮಾತಿನಲ್ಲಿ. ಮೈಯ ಭಾಗಕ್ಕೆ ಮಗು ತನ್ನದೇ ಹೆಸರು ಹೇಳಿದ್ದರೆ ಅದನ್ನೇ ಬರೆಯಬೇಕು, ನಾವು ತಿದ್ದಿ ಪುಸ್ತಕದ ಮಾತು ಹಾಕಬಾರದು. ಆ ಟೀಚರಮ್ಮ ಹಾಜರಿ ಪುಸ್ತಕದಲ್ಲಿ ಬರೆಯದೆ ಬೇರೆ ಹಾಳೆಯಲ್ಲಿ ಬರೆದು ರುಜು ಮಾಡಿ, ಬೀಗದಲ್ಲಿಟ್ಟರು. ಹಾಜರಿ ಪುಸ್ತಕ ಹತ್ತು ಜನ ತಿರುವಿ ಹಾಕುವಂಥದ್ದು.

ಘಟನೆ ಒಂದೆರಡು ದಿನದೊಳಗಿನದಾದರೆ ಇನ್ನೊಂದು ಎಚ್ಚರಿಕೆ ಬೇಕು. ಮಗುವಿಗೆ ಸ್ನಾನ ಮಾಡಿಸಬಾರದು, ತೊಟ್ಟಿದ್ದ ಬಟ್ಟೆಯನ್ನು ಒಗೆಯಬಾರದು. ತಾಯಂದಿರು ಮೊದಲು ಮಾಡುವುದೇ ಅದು. ಪಾಪ, ಕೊಳೆ ತೊಳೆಯಬೇಕೆಂಬ ತಳಮಳ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕದೆ ಕಾಗದದಲ್ಲಿ ಸುತ್ತಿಡಬೇಕು. ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತು. ಬಟ್ಟೆಯ ಮೇಲಿನ ಸಾಕ್ಷ್ಯವೂ ಹಾಗೆಯೇ ಕೆಡುತ್ತದೆ. ಆಸ್ಪತ್ರೆಗೆ ಆದಷ್ಟು ಬೇಗ ಹೋಗಬೇಕು. ಸೋಂಕು ತಡೆಯುವ ಕೆಲವು ಔಷಧಿಗಳನ್ನು 72 ಗಂಟೆಯೊಳಗೆ ಆರಂಭಿಸಿದರೆ ಮಾತ್ರ ಪ್ರಯೋಜನ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯವರು ಇಂಥ ಮಗುವಿಗೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. ಪೊಲೀಸು ಕಾಗದ ತನ್ನಿ ಎಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ವೈದ್ಯರು ಪರೀಕ್ಷಿಸಿ ಗಾಯವಿಲ್ಲ ಎಂದರೂ ಏನೂ ನಡೆದಿಲ್ಲವೆಂದು ಅರ್ಥವಲ್ಲ. ಬಹಳಷ್ಟು ದೌರ್ಜನ್ಯ ಗಾಯವನ್ನು ಉಳಿಸಿಹೋಗುವುದಿಲ್ಲ.

ಇನ್ನು ತಿಳಿಸುವ ವಿಷಯ. 'ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ' ಎಂಬುದು 2012ರ ನವೆಂಬರ್ 14ರಂದು ಜಾರಿಗೆ ಬಂತು. ಪೋಕ್ಸೋ ಎಂದು ಪತ್ರಿಕೆಗಳಲ್ಲಿ ನೋಡಿರುತ್ತೀರಿ. 18 ವರ್ಷ ತುಂಬದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಅದರ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಅಥವಾ ಜುಲ್ಮಾನೆ, ಅಥವಾ ಎರಡೂ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅಂದರೆ ಟೀಚರಮ್ಮ ಫೋನು ಮಾಡಿದ್ದು ಊರಮೇಲಿನ ಹಗೆಯಿಂದಲ್ಲ. ಕಾನೂನು ಅವರಿಗೆ ಬೇರೆ ದಾರಿಯನ್ನೇ ಬಿಟ್ಟಿಲ್ಲ. ನಿಮಗೂ ಬಿಟ್ಟಿಲ್ಲ, ನನಗೂ ಬಿಟ್ಟಿಲ್ಲ.

1098 ಎಂಬುದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕಾಸಿಲ್ಲದೆ ಕರೆ ಮಾಡಬಹುದು. ಮಗುವೇ ಮಾಡಬಹುದು. ಈ ಕ್ಷಣವೇ ಅಪಾಯವಿದ್ದರೆ 112. ಅಂಗನವಾಡಿಯವರು ತಮ್ಮ ಮೇಲ್ವಿಚಾರಕಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸತಕ್ಕದ್ದು ಸರಿಯೇ. ಆದರೆ ಅವರ ಅಪ್ಪಣೆಗಾಗಿ ಕಾಯಬೇಕಾದ್ದಿಲ್ಲ. ಆರೋಪಿ ಮಗುವಿನ ಮನೆಯವನೇ ಆಗಿದ್ದರೆ ಮೊದಲು ಅವನನ್ನು ಕರೆದು ಕೇಳುವುದೂ ತಪ್ಪು. ಕೇಳಿದರೆ ಅಂದು ರಾತ್ರಿ ಆ ಮಗುವಿನ ಬಾಯಿ ಮುಚ್ಚಿಸುತ್ತಾನೆ. ಅಂಥ ಸಂದರ್ಭದಲ್ಲಿ ಮಗುವನ್ನು ಅವನಿರುವ ಮನೆಗೆ ಕಳುಹಿಸುವ ಮುಂಚೆಯೇ ಫೋನು ಮಾಡಬೇಕು. ತಾಯಿಯ ಮೇಲೆ ಭರವಸೆಯಿದ್ದರೆ ತಾಯಿಯನ್ನು ಕರೆಸಿಕೊಳ್ಳಬೇಕು.

ಪೊಲೀಸು ಎಂದ ಕೂಡಲೇ ನಾವು ಹೆದರುವುದು ಠಾಣೆಗೆ ಅಲೆದಾಟ, ಕೂಗಾಟ, ಊರೆಲ್ಲ ಸುದ್ದಿ. ಈ ಕಾಯ್ದೆ ಆ ಭಯವನ್ನು ಯೋಚಿಸಿಯೇ ಬರೆದದ್ದು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸಮವಸ್ತ್ರ ಹಾಕಿಕೊಂಡು ಬರುವಂತಿಲ್ಲ. ತಂದೆತಾಯಿ ಅಥವಾ ಮಗು ನಂಬಿದ ಒಬ್ಬರು ಪಕ್ಕದಲ್ಲಿರಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಹೆಣ್ಣು ಮಗುವಾದರೆ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ನ್ಯಾಯಾಲಯದಲ್ಲಿ ಬಾಗಿಲು ಮುಚ್ಚಿ ವಿಚಾರಣೆ, ಆರೋಪಿಯ ಮುಖ ಮಗುವಿಗೆ ಕಾಣದಂತೆ ವ್ಯವಸ್ಥೆ. ಮಗುವಿನ ಹೆಸರು, ಊರು, ಶಾಲೆ ಪತ್ರಿಕೆಯಲ್ಲಿ ಬರುವಂತಿಲ್ಲ. ಎಲ್ಲ ಕಡೆಯೂ ಇದೆಲ್ಲ ಅಕ್ಷರಶಃ ನಡೆಯುತ್ತದೆಂದು ನಾನು ಹೇಳಲಾರೆ. ಆದರೆ ಹೀಗೆ ನಡೆಯಬೇಕೆಂಬುದು ನಿಮಗೆ ತಿಳಿದಿದ್ದರೆ, ನಡೆಯದಿದ್ದಾಗ ಕೇಳುವ ಧೈರ್ಯ ಬರುತ್ತದೆ.

ನಾನು ಇದನ್ನು ಅಂಗನವಾಡಿಯವರ ಸಭೆಯಲ್ಲಿ ಹೇಳದೆ ನಿಮಗೆ ಬರೆಯುತ್ತಿರುವುದು ಏಕೆಂದು ಈಗ ಹೇಳಬೇಕು. ಆ ಟೀಚರಮ್ಮ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಕೇಳಿದರು, ಬರೆದಿಟ್ಟರು, ತಾಯಿಗೆ ಹೇಳಿದರು, ಅಂದು ಸಂಜೆಯೇ 1098ಕ್ಕೂ ಠಾಣೆಗೂ ತಿಳಿಸಿದರು. ತಪ್ಪಿದ್ದು ಊರು. ಎರಡನೆಯ ದಿನ ಅರಳಿಕಟ್ಟೆಯಲ್ಲಿ ಹಿರಿಯರು ಸೇರಿ, 'ಇಷ್ಟು ದಂಡ ಕಟ್ಟಿಸಿ, ಕಾಲಿಗೆ ಬೀಳಿಸಿ ಮುಗಿಸಬಹುದಿತ್ತು, ಹೊರಗಿನವರನ್ನು ಕರೆಸಿ ಊರ ಮಾನ ಕಳೆದಳು' ಎಂದರು. ಇಪ್ಪತ್ತಮೂರು ಮಕ್ಕಳಿದ್ದ ಅಂಗನವಾಡಿಗೆ ಮರುವಾರ ಬಂದದ್ದು ಎಂಟು. ಅವರ ಮನೆಯ ಹಾಲನ್ನು ಡೈರಿಯಲ್ಲಿ ಹಾಕಿಸಿಕೊಳ್ಳಬಾರದೆಂದು ಕೆಲವರು ಹಟ ಹಿಡಿದರು. ಅವರ ಯಜಮಾನರು, 'ನಿನಗ್ಯಾಕೆ ಬೇಕಿತ್ತು ಇದು' ಎಂದು ಎರಡು ದಿನ ಊಟ ಬಿಟ್ಟರು.

ಅರಳಿಕಟ್ಟೆಯ ರಾಜಿಯ ಬಗ್ಗೆ ಒಂದು ಮಾತು. ಜಮೀನಿನ ಬದುವಿನ ಜಗಳವನ್ನು ಊರಿನಲ್ಲೇ ತೀರಿಸಿಕೊಳ್ಳುವುದು ಒಳ್ಳೆಯದು, ನಾನೇ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಇದು ಬದುವಿನ ಜಗಳವಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಇಂಥದೇ ಪ್ರಕರಣದಲ್ಲಿ ಮಗುವಿನ ಮನೆಯವರು ಛಾಪಾ ಕಾಗದದ ಮೇಲೆ ರಾಜಿ ಬರೆದುಕೊಟ್ಟರು, ಅದರ ಮೇಲೆ ಹೈಕೋರ್ಟು ಮೊಕದ್ದಮೆಯನ್ನೇ ರದ್ದುಮಾಡಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿ, ಮೊಕದ್ದಮೆ ಮುಂದುವರಿಯಬೇಕೆಂದಿತು. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ವಿಷಯವಲ್ಲವೆಂಬುದು ಅದರ ತಾತ್ಪರ್ಯ. ರಾಜಿಯಲ್ಲಿ ದಂಡ ಕಟ್ಟಿದವನು ಊರಿನಲ್ಲೇ ಇರುತ್ತಾನೆ. ಮಗು ದಿನವೂ ಅವನ ಮನೆಯ ಮುಂದೆಯೇ ಶಾಲೆಗೆ ಹೋಗಬೇಕು. ಮುಂದಿನ ಮಗು ಯಾರದೋ.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ನೆನಪಿಲ್ಲ, ಅರಳಿಕಟ್ಟೆಯಲ್ಲಿ ಕೂತಿದ್ದ ಹಿರಿಯರಲ್ಲೇ ಒಬ್ಬರು ಬೆಳಗ್ಗೆ ತಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಅಂಗನವಾಡಿಗೆ ಬಂದರು. ಎಲ್ಲರೂ ನೋಡುವ ಹೊತ್ತಿನಲ್ಲಿ, ಊರ ನಡುಬೀದಿಯಲ್ಲೇ ನಡೆದು ಬಂದರು. ಭಾಷಣ ಏನೂ ಮಾಡಲಿಲ್ಲ. "ಕೂಸನ್ನ ನೋಡ್ಕಳವ್ವ" ಎಂದು ಬಿಟ್ಟು, ಎಲೆಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತು ಹೋದರು. ಅದರ ಮಾರನೆಯ ದಿನ ಹದಿನಾರು ಮಕ್ಕಳು ಬಂದವು.

ಆ ಹುಡುಗ ಈಗ ಓದುತ್ತಿದ್ದಾನೆ. ಮೊಕದ್ದಮೆಯ ವಿಷಯ ನಾನು ಬರೆಯುವುದು ಯುಕ್ತವಲ್ಲ.

ನಿಮ್ಮಿಂದ ಬೇಕಾದದ್ದು ದೊಡ್ಡದೇನಲ್ಲ. ನಿಮ್ಮೂರ ಟೀಚರಮ್ಮನಿಗೆ ಹೋಗಿ, 'ಅಂಥದ್ದು ಕಿವಿಗೆ ಬಿದ್ದರೆ ಫೋನು ಮಾಡಿ, ನಾವಿದ್ದೇವೆ' ಎಂದು ಈಗಲೇ ಹೇಳಿಬಿಡಿ. ಘಟನೆ ನಡೆದ ಮೇಲೆ ಹೇಳುವುದು ಕಷ್ಟ. ಅಷ್ಟು ಹೊತ್ತಿಗೆ ಆರೋಪಿ ಯಾರ ಸಂಬಂಧಿ ಎಂಬುದು ನಡುವೆ ಬಂದಿರುತ್ತದೆ. ಪ್ರಕರಣದ ಮಾತು ಹೋಟೆಲಿನಲ್ಲಿ, ಡೈರಿಯಲ್ಲಿ ಬಂದಾಗ ಮಗುವಿನ ಹೆಸರು ಎತ್ತದಿರಿ, ಎತ್ತಿದವರನ್ನು ತಡೆಯಿರಿ. ಮೊಬೈಲಿನ ಗುಂಪುಗಳಲ್ಲಿ ಹಾಕುವವರಿಗೆ ಅದು ಶಿಕ್ಷಾರ್ಹವೆಂದು ತಿಳಿಸಿ. ನಿಮ್ಮ ಮನೆಯ ಮಗುವೇ ನಿಮಗೆ ಹೇಳಿದರೆ, ಮೇಲೆ ಟೀಚರಮ್ಮನಿಗೆಂದು ಬರೆದದ್ದೆಲ್ಲ ನಿಮಗೂ ಅಷ್ಟೇ ಅನ್ವಯಿಸುತ್ತದೆ. ಮಚ್ಚು ಹಿಡಿದು ಹೊರಡಬೇಡಿ. ತಂದೆ ಜೈಲಿಗೆ ಹೋದರೆ ಅದು ತಾನು ಬಾಯಿ ಬಿಟ್ಟದ್ದರ ಫಲವೆಂದೇ ಮಗು ತಿಳಿಯುತ್ತದೆ.

ಇನ್ನೊಂದು ಸಣ್ಣ ಕೆಲಸ ಪಂಚಾಯಿತಿಯಿಂದ ಆಗಬೇಕು. ಕೆಲವು ಕಟ್ಟಡಗಳ ಗೋಡೆಯ ಮೇಲೆ 1098 ಎಂದು ಬರೆಸಿದ್ದಾರೆ, ಆದರೆ ಸೂರಿನ ಕೆಳಗೆ, ಆಳೆತ್ತರಕ್ಕೂ ಮೇಲೆ. ಈ ಸಲ ಸುಣ್ಣ ಬಳಿಸುವಾಗ ಅದನ್ನು ನೆಲದಿಂದ ಮೂರು ಅಡಿಗೆ, ದೊಡ್ಡ ಅಂಕಿಗಳಲ್ಲಿ ಬರೆಸುವಂತೆ ಮುಂದಿನ ಗ್ರಾಮಸಭೆಯಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದು ಹೇಳಿ. ಬಣ್ಣದ ಖರ್ಚು ಒಂದು ಡಬ್ಬಿಗಿಂತ ಹೆಚ್ಚಾಗುವುದಿಲ್ಲ.